ಮಲ್ಲಿಗೆ ನುಂಗಿದ ಗುಳಿಗೆಗಳು

ನರ್ಸಮ್ಮನ ಎಡ ಅಂಗೈಯಲ್ಲಿ ಸದಾ ನೀಲಿ ಶಾಯಿಯ ಗೆರೆಗಳಿರುತ್ತಿದ್ದವು. ಒಂದು ಮನೆಗೆ ಹೋಗಿ ಬಂದರೆ ಒಂದು ಗೆರೆ. ಬಾಗಿಲು ಹಾಕಿದ್ದ ಮನೆಗೆ ಗೆರೆಯಲ್ಲ, ಸಣ್ಣದೊಂದು ಸೊನ್ನೆ. ಅದಕ್ಕೆ ಹೆಬ್ಬೆರಳಿನ ಬುಡದಲ್ಲಿ ಬೇರೆಯೇ ಜಾಗ. ಮಧ್ಯಾಹ್ನ ಬುತ್ತಿ ಬಿಚ್ಚುವ ಮೊದಲು ಇದೆಲ್ಲ ರಿಜಿಸ್ಟರಿಗೆ ಇಳಿಯಬೇಕು, ಆಮೇಲೆಯೇ ಕೈ ತೊಳೆಯುವುದು. ಒಮ್ಮೆ ನಾನು ಹಸಿವು ತಾಳಲಾರದೆ, "ಮೊದ್ಲು ಉಣ್ಣಾನ ನರ್ಸಮ್ಮ, ಲೆಕ್ಕ ಎಲ್ಲಿ ಓಡಿ ಹೋಗ್ತೈತಿ?" ಎಂದೆ.

"ರೊಟ್ಟಿ ಹೊಟ್ಟಿಗೆ ಬಿದ್ದ ಮ್ಯಾಲ ಎಲ್ಲಾ ಮನಿ ಬಾಗ್ಲಾನೂ ತೆರೆದಿತ್ತು ಅನಿಸ್ತೈತ್ರಿ ಡಾಕ್ಟ್ರೇ" ಎಂದು ಅವರು ಬರೆಯುವುದನ್ನು ಮುಂದುವರಿಸಿದರು. ನಾನು ಬುತ್ತಿಯ ಗಂಟು ನೋಡುತ್ತ ಕೂತೆ.

ಇದು ತೊಂಬತ್ತರ ದಶಕದ ಕೊನೆಯ ಹೊತ್ತಿನ ಮಾತು. ನಾನು ಹರಪನಹಳ್ಳಿಯ ಹುಡುಗ, ಮೆಡಿಕಲ್ ಕಾಲೇಜೊಂದರಲ್ಲಿ ಮೇಲಿನ ಓದು ಓದುತ್ತಿದ್ದೆ. ಪ್ರಬಂಧಕ್ಕೆ ಮಾಹಿತಿ ಕಲೆಹಾಕಲೆಂದು ಹಡಗಲಿ ತಾಲೂಕಿನ ಒಂದು ಆರೋಗ್ಯ ಕೇಂದ್ರಕ್ಕೆ ಬಂದಿದ್ದೆ. ವಿಷಯ, ಬಸುರಿಯರ ರಕ್ತಹೀನತೆ. ಕಬ್ಬಿಣದ ಕೆಂಪು ಗುಳಿಗೆಗಳನ್ನು ಎಣಿಸಿ ಡಬ್ಬಿಗೆ ಹಾಕಿ ಕೊಡುವುದು. ಕೆಲವು ಊರುಗಳಲ್ಲಿ ಕೊಟ್ಟು ಸುಮ್ಮನಿರುವುದು, ಇನ್ನು ಕೆಲವು ಊರುಗಳಲ್ಲಿ ನರ್ಸಮ್ಮ ವಾರವಾರ ಹೋಗಿ, ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸಿ ಬರೆದುಕೊಂಡು, ನೆನಪು ಮಾಡುವುದು. ಕೊನೆಗೆ ರಕ್ತ ಪರೀಕ್ಷೆ ಮಾಡಿ ಯಾವ ಊರಿನವರಿಗೆ ರಕ್ತ ಹೆಚ್ಚಾಗಿದೆ ಎಂದು ಹೋಲಿಸುವುದು. ವಾರವಾರ ಹೋದರೆ ಒಳ್ಳೆಯದಾಗುತ್ತದೆ ಎಂದು ನಾನು ಮೊದಲೇ ನಂಬಿಬಿಟ್ಟಿದ್ದೆ. ಉಳಿದದ್ದು ಬರೀ ಬರೆಯುವ ಕೆಲಸ ಎಂಬುದು ನನ್ನ ಲೆಕ್ಕಾಚಾರ.

ನರ್ಸಮ್ಮ ಕೊಟ್ಟೂರಿನವರು. ಐವತ್ತು ದಾಟಿದ ಗಟ್ಟಿ ಹೆಂಗಸು. ಹಣೆಗೆ ವಿಭೂತಿ, ಕಾಲಿಗೆ ಗಂಡಸರ ಚಪ್ಪಲಿ. ಹೆಂಗಸರ ಚಪ್ಪಲಿಯ ಉಂಗುಷ್ಟ ಹೊಲದ ದಾರಿಗೆ ತಡೆಯುವುದಿಲ್ಲ ಎಂಬುದು ಅವರ ದೂರು. ಇಂಗ್ಲಿಷ್ ಅಷ್ಟಕ್ಕಷ್ಟೆ. ಆದರೆ ಸಂಶೋಧನೆ ಎಂದರೇನು ಎಂದು ನನಗೆ ಕಲಿಸಿದ್ದು ನನ್ನ ಕಾಲೇಜಲ್ಲ, ಈ ಹೆಂಗಸು. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ.

ಆಗ ಅಲ್ಲಿ ರಕ್ತ ಪರೀಕ್ಷೆಗೆ ಯಂತ್ರಗಳಿರಲಿಲ್ಲ. ಬೆರಳು ಚುಚ್ಚಿ, ಗಾಜಿನ ನಳಿಗೆಯಲ್ಲಿ ರಕ್ತ ಹಾಕಿ, ಹನಿ ಹನಿಯಾಗಿ ನೀರು ಬೆರೆಸುತ್ತ ಪಕ್ಕದ ಗಾಜಿನ ಬಣ್ಣಕ್ಕೆ ಹೊಂದಿಸಬೇಕಿತ್ತು. ಎಲ್ಲಾ ಕಣ್ಣಿನ ಅಂದಾಜು. ನರ್ಸಮ್ಮ ಹೋಗುತ್ತಿದ್ದ ಊರಿನವರ ರಕ್ತ ಕಡಿಮೆ ಬಂದರೆ ನಾನು ನಳಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡುತ್ತಿದ್ದೆ. ಬೇರೆ ಊರಿನವರದು ಕಡಿಮೆ ಬಂದರೆ ಹಾಗೇ ಬರೆದುಕೊಳ್ಳುತ್ತಿದ್ದೆ. ಹೀಗೆ ಮಾಡುತ್ತಿದ್ದೇನೆಂದು ನನಗೇ ಗೊತ್ತಿರಲಿಲ್ಲ. ಮೂರನೆಯ ದಿನ ಬಂದು ನೋಡಿದರೆ ನಳಿಗೆಗಳ ಮೇಲೆ ಹೆಸರೂ ಇಲ್ಲ, ಊರೂ ಇಲ್ಲ, ಬರೀ ನಂಬರ್ ಚೀಟಿ.

"ಯಾವ ಊರಿನ ರಕ್ತ ಅಂತ ನಾ ಹೇಳಂಗಿಲ್ರಿ" ಎಂದರು. "ಹೇಳಿದ್ರ ನಿಮ್ಮ ಕಣ್ಣು ನಾ ಹೋಗೋ ಊರಿನ ಕಡಿಗೆ ವಾಲ್ತಾವ. ನನ್ನ ಮ್ಯಾಲ ನಿಮಗ ಪ್ರೀತಿ ಐತಿ, ಸಂತೋಷ. ರಕ್ತದ ಮ್ಯಾಲ ಬ್ಯಾಡ."

ಇದನ್ನು ನಾನು ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಉದ್ದಕ್ಕೆ ಬರೆದು ಪಾಸಾಗಿದ್ದೆ. ಮಾಡಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಲೆಕ್ಕ ಮುಗಿಯಿತು. ನರ್ಸಮ್ಮ ಹೋಗುತ್ತಿದ್ದ ಊರುಗಳಲ್ಲಿ ರಕ್ತ ಚೆನ್ನಾಗಿ ಏರಿತ್ತು, ಒಂದು ಊರು ಬಿಟ್ಟು. ಹೊಳೆ ಕಡೆಯ ಆ ಊರಿನಲ್ಲಿ ಮನೆಗೊಂದು ಮಲ್ಲಿಗೆ ತೋಟ. ಎಲ್ಲರ ಗುಳಿಗೆ ಡಬ್ಬಿಯೂ ಖಾಲಿ, ವಾರವಾರವೂ ತಪ್ಪದೆ ಖಾಲಿ. ರಕ್ತ ಮಾತ್ರ ಇದ್ದಲ್ಲೇ ಇತ್ತು. ನಾನು ತಲೆ ಕೆರೆದುಕೊಂಡು ಒಂದು ಭಾರಿ ಸಿದ್ಧಾಂತ ಕಟ್ಟಿದೆ. ಜೋಳದ ರೊಟ್ಟಿ ಮತ್ತು ಚಹಾ ಸೇರಿ ಕಬ್ಬಿಣದ ಸತ್ವ ಮೈಗೆ ಹತ್ತದಂತೆ ಮಾಡುತ್ತಿವೆ ಎಂದು ಒಂದು ಅಧ್ಯಾಯವನ್ನೇ ಬರೆದು, ನರ್ಸಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ನನ್ನ ಎದೆ ಉಬ್ಬಿತ್ತು.

"ನಮ್ಮ ರೊಟ್ಟಿ ಮ್ಯಾಲ ಯಾಕ್ರಿ ಇಷ್ಟು ಸಿಟ್ಟು?" ಎಂದರು. "ಪಕ್ಕದ ಊರಾಗೂ ರೊಟ್ಟಿನ ತಿಂತಾರಲ್ಲ. ನೀವು ಆ ಹೆಣ್ಮಕ್ಕಳನ್ನ ಕೇಳಿದ್ರೇನು?"

"ಕೇಳೀನಿ. ಗುಳಿಗಿ ನುಂಗ್ತೀರಾ ಅಂದ್ರೆ ಎಲ್ಲರೂ ಹೂಂ ಅಂದ್ರು."

"ಹಂಗ ಕೇಳಿದ್ರ ನಾನೂ ಹೂಂ ಅಂತೀನಿ. ಮನಿಗೆ ಬಂದ ಡಾಕ್ಟ್ರಿಗೆ ಯಾರರ ಇಲ್ಲ ಅಂತಾರೇನ್ರಿ?" ಎಂದವರು, "ನಾನೂ ಹಂಗ ಕೇಳೀನಿ" ಎಂದು ಮೆಲ್ಲಗೆ ಸೇರಿಸಿದರು.

ಮರುದಿನ ಮೊದಲ ಬಸ್ಸಿಗೆ ಇಬ್ಬರೂ ಆ ಊರಿಗೆ ಹೋದೆವು. ಬಿಸಿಲೇರುವ ಮೊದಲು ಮೊಗ್ಗು ಬಿಡಿಸಬೇಕಾದ್ದರಿಂದ ಹೆಂಗಸರೆಲ್ಲ ತೋಟದಲ್ಲಿದ್ದರು. ನರ್ಸಮ್ಮ ಗುಳಿಗೆಯ ಮಾತೇ ಎತ್ತಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ತಾವೂ ಮೊಗ್ಗು ಬಿಡಿಸತೊಡಗಿದರು. ಯಾರ ಮಗಳನ್ನು ಎಲ್ಲಿಗೆ ಕೊಟ್ಟಿದ್ದು, ಯಾರ ಎಮ್ಮೆ ಈದದ್ದು, ಇಂಥದೇ ಮಾತು. ನಾನು ಬೆಪ್ಪನಂತೆ ಬದುವಿನ ಮೇಲೆ ನಿಂತಿದ್ದೆ.

"ಈ ಸಲ ಹೂವ ಭಾಳ ಹಿಡದಾವಲ್ಲವ್ವಾ, ಏನ್ ಹಾಕೀರಿ?" ಎಂದರು ನರ್ಸಮ್ಮ, ಸಹಜವಾಗಿ.

ಒಬ್ಬ ಹುಡುಗಿ ಕಿಸಕ್ಕನೆ ನಕ್ಕಳು. ಪಕ್ಕದವಳು ಅವಳನ್ನು ಮೊಣಕೈಯಿಂದ ತಿವಿದಳು. ಆಗ ತೋಟದ ಯಜಮಾನಿ, ಆ ಹುಡುಗಿಯ ಅತ್ತೆ, ಮೊಗ್ಗಿನ ಬುಟ್ಟಿ ಕೆಳಗಿಟ್ಟು, "ಮುಚ್ಚಿಡಾದು ಏನೈತಿ? ಸಗಣಿ ಗೊಬ್ಬರ ಹಾಕೀವಿ. ಮತ್ತ ನಿನ್ನ ಗುಳಿಗಿ ಹಾಕೀವಿ" ಎಂದಳು.

ನಾನು ಕಡ್ಡಿಯಿಂದ ಗಿಡದ ಬುಡ ಕೆದಕಿದೆ. ಅರ್ಧ ಕರಗಿದ ಕೆಂಪು ಗುಳಿಗೆಯೊಂದು ಮಣ್ಣು ಮೆತ್ತಿಕೊಂಡು ಮೇಲೆ ಬಂತು.

"ಬೆಳಿಗ್ಗೆ ಬರೇ ಹೊಟ್ಟಿಲೆ ನುಂಗಿದ್ರ ನನ್ನ ಸೊಸಿಗೆ ವಾಂತಿ ಆಕ್ಕಾವ" ಎಂದಳು ಅತ್ತೆ. "ನುಂಗಿಲ್ಲ ಅಂದ್ರ ನಿನ್ನ ಮನಸಿಗೆ ಬ್ಯಾಸರ. ಪಾಪ, ಬಿಸಿಲಾಗ ನಡಕೊಂತ ಬರ್ತೀದಿ. ಕಬ್ಬಿಣ ಮಂದಿಗೆ ಶಕ್ತಿ ಕೊಡ್ತೈತಿ ಅಂದ್ರ ಗಿಡಕ್ಕ ಕೊಡಂಗಿಲ್ಲೇನು? ಚೆಲ್ಲಿಲ್ಲ ನೋಡವ್ವಾ, ಒಂದೂ ದಂಡ ಮಾಡಿಲ್ಲ."

ನರ್ಸಮ್ಮ ನಕ್ಕರು. ಮೊದಲು ಸಣ್ಣಗೆ, ಆಮೇಲೆ ಬದುವಿನ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು. ತೋಟಕ್ಕೆ ತೋಟವೇ ನಕ್ಕಿತು. ನನ್ನ ರೊಟ್ಟಿಯ ಸಿದ್ಧಾಂತ ಅಲ್ಲೇ ಮಣ್ಣುಪಾಲಾಯಿತು. ಇನ್ನು ಮುಂದೆ ರಾತ್ರಿ ಊಟವಾದ ಮೇಲೆ ಗುಳಿಗೆ ನುಂಗುವುದೆಂದು ಅಲ್ಲಿಯೇ ಮಾತಾಯಿತು. ನುಂಗಲಾಗದಿದ್ದರೆ ಡಬ್ಬಿಯಲ್ಲೇ ಬಿಡಬೇಕು, ಬೈಯುವುದಿಲ್ಲ ಎಂದು ನರ್ಸಮ್ಮ ವಿಭೂತಿ ಮುಟ್ಟಿ ಹೇಳಿದರು.

ಮರಳಿ ಕೇಂದ್ರಕ್ಕೆ ಬಂದವರೇ ನರ್ಸಮ್ಮ ರಿಜಿಸ್ಟರ್ ತೆಗೆದು, ಆ ಊರಿನ ಹೆಸರಿದ್ದ ಕಡೆಯಲ್ಲೆಲ್ಲ "ನುಂಗಿದ್ದಾರೆ" ಎಂಬುದರ ಮೇಲೆ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ "ಡಬ್ಬಿ ಖಾಲಿ. ನುಂಗಿದ್ದು ಗೊತ್ತಿಲ್ಲ" ಎಂದು ಬರೆದು, ತಾರೀಖು ಹಾಕಿ ಸಹಿ ಮಾಡತೊಡಗಿದರು. ಪೂರ್ತಿ ಹೊಡೆದುಹಾಕಿ ಹೊಸ ಹಾಳೆಯಲ್ಲಿ ಬರೆದರೆ ಚೆಂದ ಅಲ್ಲವೇ ಎಂದೆ.

"ಕೆಳಗ ಏನಿತ್ತು ಅನ್ನಾದು ಕಾಣಬೇಕ್ರಿ. ಇಲ್ಲಂದ್ರ ನಾ ಮೊದ್ಲಿಂದ ಶ್ಯಾಣ್ಯಾಕಿ ಇದ್ದೆ ಅಂತ ತಿಳಕೊಂತಾರ."

ಸಂಜೆಯವರೆಗೂ ಬರೆದರು. ಅವರ ಮುಖ ಬಾಡಿತ್ತು. ಇಡೀ ನೌಕರಿಯಲ್ಲಿ ಅವರು ಬರೆದದ್ದು ಸುಳ್ಳಾಗಿದ್ದು ಅದೇ ಮೊದಲು.

ನನ್ನ ಪರೀಕ್ಷೆಗೆ ಎರಡೇ ತಿಂಗಳಿತ್ತು. ಆ ಊರನ್ನು ಸೇರಿಸಿದರೆ ವಾರವಾರದ ಭೇಟಿಯಿಂದ ಆದ ಲಾಭ ಕಣ್ಣಿಗೆ ಹೊಡೆಯುವಂತೆ ಕಾಣುವುದಿಲ್ಲ. ಎಣಿಕೆಯಲ್ಲಿ ಮೋಸಹೋದೆವು ಎಂದು ಬರೆದರೆ ಇಡೀ ಪ್ರಬಂಧದ ಮೇಲೆಯೇ ಅನುಮಾನ. ನಪಾಸಾದರೆ ಇನ್ನಾರು ತಿಂಗಳು ಕಾಯಬೇಕು. ಕಾಲೇಜಿಗೆ ಹೋಗಿ ನನ್ನ ಗೈಡ್‌ಗೆ ಹೇಳಿದೆ. ಅವರು ಕೆಟ್ಟವರೇನಲ್ಲ, ಅವಸರದ ಮನುಷ್ಯ. "ಆ ಊರನ್ನ ತೆಗೆದುಬಿಡಪ್ಪ. ಅಂಥ ಊರೊಂದಿತ್ತು ಅಂತ ಯಾರಿಗೆ ಗೊತ್ತಾಗಬೇಕು?" ಎಂದರು. ನಾನು ಹಗುರಾಗಿ, ಶಿಳ್ಳೆ ಹಾಕುತ್ತ ವಾಪಸ್ಸು ಬಂದು ನರ್ಸಮ್ಮನಿಗೆ ಸುದ್ದಿ ಮುಟ್ಟಿಸಿದೆ.

"ಊರು ಬಿಡಾದಾ?" ಎಂದರು. "ಅಲ್ಲಿ ಬಸುರ್ಯಾರು ಇಲ್ಲೇನ್ರಿ? ನಿಮ್ಮ ಪುಸ್ತಕ ಓದಿ ನಾಳೆ ಇನ್ನೊಬ್ಬ ಡಾಕ್ಟ್ರು ಇನ್ನೊಂದು ಊರಾಗ ಡಬ್ಬಿನ ಎಣಸ್ತಾನ. ಅವನೂ ಮೋಸ ಹೋಗ್ತಾನ."

"ನಿಮಗೇನು, ಪರೀಕ್ಷಿ ನಂದು!" ಎಂದು ರೇಗಿಬಿಟ್ಟೆ. ಅವರು ರಿಜಿಸ್ಟರ್ ಮುಚ್ಚಿ ಎದ್ದುಹೋದರು.

ಮರುದಿನ ನನ್ನ ಮೇಜಿನ ಮೇಲೆ ಒಂದು ಕೈಚೀಲ. ಒಳಗೆ ಆ ರಿಜಿಸ್ಟರ್. ನರ್ಸಮ್ಮ ಬಾಗಿಲಲ್ಲಿ ನಿಂತಿದ್ದರು.

"ಇದನ್ನ ತಗೊಂಡು ಹೋಗ್ರಿ. ನರ್ಸಮ್ಮ ತಪ್ಪು ಬರ್ದಾಳ ಅಂತ ನನ್ನ ಹೆಸರು ಹಾಕಿ ಹೇಳ್ರಿ, ಮೇಲಿನವರು ಕೇಳಿದ್ರ ನಾ ಉತ್ರ ಕೊಡ್ತೀನಿ. ತಪ್ಪು ನಂದು ಅಂತ ಬರೀರಿ. ಊರು ಮಾತ್ರ ಬಿಡಬ್ಯಾಡ್ರಿ."

ನನಗೆ ಅಲ್ಲೇ ಭೂಮಿಗೆ ಇಳಿದುಹೋಗಬೇಕೆನಿಸಿತು. ನಿವೃತ್ತಿಗೆ ಹತ್ತಿರವಾಗಿದ್ದ ಹೆಂಗಸು, ಒಂದು ನೋಟಿಸು ಬಂದರೆ ನೌಕರಿಗೇ ಕಪ್ಪು ಮಸಿ. ನನಗೆ ಹೋಗುವುದು ಆರು ತಿಂಗಳು. ಅವತ್ತೇ ಕೂತು ಅಧ್ಯಾಯ ಹರಿದು ಹೊಸದಾಗಿ ಬರೆದೆ. ಯಾರು ಎಣಿಸಿದರು, ಹೇಗೆ ಎಣಿಸಿದರು, ಹೇಗೆ ಮೋಸಹೋದರು, ಎಷ್ಟು ಜನ ನುಂಗಿದರೆಂದು ಯಾಕೆ ಹೇಳಲಾಗುವುದಿಲ್ಲ, ಎಲ್ಲವನ್ನೂ. ತಪ್ಪು, ಡಬ್ಬಿ ಎಣಿಸುವ ಉಪಾಯ ಹೂಡಿದವನದು, ಅಂದರೆ ನನ್ನದು ಎಂದೇ ಬರೆದೆ. ಗೈಡ್ ಓದಿ ಹಣೆ ಚಚ್ಚಿಕೊಂಡು ಸಹಿ ಹಾಕಿದರು.

ಪರೀಕ್ಷೆಯ ದಿನ ಹೊರಗಿನಿಂದ ಬಂದಿದ್ದ ಹಿರಿಯ ಪರೀಕ್ಷಕರು ನೇರವಾಗಿ ಆ ಪುಟಕ್ಕೇ ಹೋದರು. ಅವರು ಓದುತ್ತ ಹೋದಂತೆ ಭುಜಗಳು ಕುಣಿಯತೊಡಗಿದವು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, "ನಾನು ನೋಡಿದ ಪ್ರಬಂಧಗಳಲ್ಲೆಲ್ಲ ಡಬ್ಬಿಗಳು ಖಾಲಿಯಾಗಿಯೇ ಇರುತ್ತಿದ್ದವು. ನನಗೆ ಯಾವಾಗಲೂ ಅನುಮಾನವಿತ್ತು" ಎಂದರು. ಮತ್ತೆ ಕೇಳಿದ್ದು ಒಂದೇ ಪ್ರಶ್ನೆ, ಹೂವು ನಿಜವಾಗಿ ಹೆಚ್ಚು ಬಿಟ್ಟಿತ್ತೇ ಎಂದು. ಗೊತ್ತಿಲ್ಲ ಸರ್, ಹೋಲಿಸಿ ನೋಡಿಲ್ಲ ಎಂದೆ. "ಭೇಷ್" ಎಂದರು. ನಾನು ಪಾಸಾದೆ.

ಸುದ್ದಿ ಹೇಳಲು ಹೋದಾಗ ನರ್ಸಮ್ಮ ಮಿರ್ಚಿ ಮಂಡಕ್ಕಿ ತರಿಸಿ ಇಡೀ ಆರೋಗ್ಯ ಕೇಂದ್ರಕ್ಕೆ ಹಂಚಿದರು. "ಇನ್ನ ಒಂದು ಕೆಲಸ ಉಳದೈತಿ. ಆ ಊರಿನವರಿಗೂ ಓದಿ ಹೇಳ್ರಿ" ಎಂದರು. ಹೋದೆವು. ಗುಡಿಕಟ್ಟೆಯ ಮೇಲೆ ಹೆಂಗಸರೆಲ್ಲ ಕೂತರು. ಅಂದಿನ ಬಸುರಿಯರ ಮಡಿಲಲ್ಲಿ ಈಗ ಕೂಸುಗಳು. ನಾನು ಆ ಪುಟವನ್ನು ಕನ್ನಡದಲ್ಲಿ ಹೇಳುತ್ತ ಹೋದೆ. ತೋಟದ ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ಯ ಶಿವನ, ನಮ್ಮ ಸುಳ್ಳು ಪುಸ್ತಕದಾಗ ಬಂತೇನು?" ಎಂದಳು.

"ನೀ ಸುಳ್ಳು ಹೇಳಿದ್ದು ಬಂದಿಲ್ಲವ್ವಾ" ಎಂದರು ನರ್ಸಮ್ಮ. "ನೀ ಖರೇ ಹೇಳಿದ್ದು ಬಂದೈತಿ."

ಆ ಮಾತು ಹೇಳುವಾಗ ಅವರ ಮುಖ ಹೇಗೆ ಅರಳಿತ್ತೆಂದರೆ, ಬಾಡಿದ್ದ ಆ ಸಂಜೆಯ ಮುಖ ನನ್ನ ಮನಸ್ಸಿನಿಂದ ಅವತ್ತೇ ಅಳಿಸಿಹೋಯಿತು.

ನಿವೃತ್ತಿಯಾದ ಮೇಲೆ ಅವರು ಕೊಟ್ಟೂರಿನಲ್ಲೇ ಇದ್ದರು. ನಾನು ಹೋದಾಗಲೆಲ್ಲ ಬೈದು, ನಗಿಸಿ, ಊಟ ಹಾಕಿ ಕಳಿಸುತ್ತಿದ್ದರು. ಒಂದು ದಿನ ಅವರ ಮಗ ಫೋನು ಮಾಡಿ, ಅವ್ವ ನಿದ್ದೆಯಲ್ಲೇ ಹೋಗಿಬಿಟ್ಟಳು ಎಂದ. ಆಗ ನಾನು ಕಾಲೇಜಿನಲ್ಲಿ ಪಾಠ ಹೇಳುವವನಾಗಿದ್ದೆ. ಮಣ್ಣಿಗೆ ಹೋಗಿ ಬಂದು, ಮರುದಿನ ಕೋಣೆಯಲ್ಲಿ ಸುಮ್ಮನೆ ಕೂತಿದ್ದೆ. ವಿದ್ಯಾರ್ಥಿನಿಯೊಬ್ಬಳು ತನ್ನ ಪ್ರಬಂಧದ ಹಾಳೆಗಳನ್ನು ಹಿಡಿದು ಒಳಗೆ ಬಂದಳು. ಎಲ್ಲವೂ ಸರಿಯಿದೆ ಸರ್, ಒಂದು ಊರಿನ ಲೆಕ್ಕ ಮಾತ್ರ ಹೊಂದುತ್ತಿಲ್ಲ, ಅದನ್ನು ಬಿಟ್ಟುಬಿಡಲೇ ಎಂದು ಕೇಳಿದಳು.

ನಾನು ಕಣ್ಣೊರೆಸಿಕೊಂಡು, "ಆ ಊರಿಗೆ ಮೊದಲ ಬಸ್ಸು ಎಷ್ಟು ಗಂಟಿಗೆ ಐತವ್ವಾ?" ಎಂದೆ.