ಮಾರ್ಗರೆಟ್ ಆಮೆನ್ ಹೇಳದ ಸಂಜೆ

ಮಾರ್ಗರೆಟ್, ನಮಗೆಲ್ಲ ಮ್ಯಾಗಿ, ನನ್ನ ಅಕ್ಕನ ಮಗಳು. ಅಕ್ಕ ತೀರಿಕೊಂಡಾಗ ಅವಳಿಗೆ ಆರು ವರ್ಷ. ಅಲ್ಲಿಂದ ನನ್ನ ಕೈಯಲ್ಲೇ ಬೆಳೆದಳು. ಈಗ ನಾನು ಅಮೆರಿಕದ ಪಾರ್ಸಿಪನಿಯಲ್ಲಿ ಅವಳ ಮನೆಯಲ್ಲಿದ್ದೇನೆ. ಅವಳ ಕೆಲಸ ಕ್ರ್ಯಾನ್‌ಬರಿಯ ಒಂದು ಔಷಧಿ ಕಂಪನಿಯಲ್ಲಿ, ನಲವತ್ತೆಂಟು ಮೈಲಿ ದೂರ. ಗಂಡ ವಿಕ್ರಾಂತ್ ಸೋಮವಾರ ಕೆಲಸಕ್ಕೆ ಪರವೂರಿಗೆ ಹೋದರೆ ಬರುವುದು ಗುರುವಾರ.

ಅವರ ಫ್ರಿಜ್ಜಿನ ಮೇಲೊಂದು ಕ್ಯಾಲೆಂಡರ್ ಇದೆ. ನನಗೆ ಇಂಗ್ಲಿಷ್ ಓದಲು ಬಾರದು, ಬಣ್ಣ ಗೊತ್ತಾಗುತ್ತದೆ. ಕೆಂಪು ಆಫೀಸಿನದು. ನೀಲಿ ಮಗಳು ರಿಯಾಳ ಈಜು, ವಯಲಿನ್. ಹಸಿರು ನಮ್ಮ ಕನ್ನಡ ಪ್ರಾರ್ಥನಾ ಕೂಟದ್ದು. ಕೂಟಕ್ಕೆ ಮಾರ್ಗರೆಟ್ಟೇ ಕಾರ್ಯದರ್ಶಿ, ಹಾಡು ಕಲಿಸುವವಳೂ ಅವಳೇ, ಯಾರಾದರೂ ಕಾಯಿಲೆ ಬಿದ್ದು ಮಲಗಿದರೆ ಊಟ ಒಯ್ಯುವವಳೂ ಅವಳೇ. ಈ ಫೆಬ್ರವರಿಯಲ್ಲಿ ನಾನು ಎರಡು ಸಲ ಎಣಿಸಿ ನೋಡಿದೆ. ಒಂದು ಚೌಕವೂ ಖಾಲಿ ಇರಲಿಲ್ಲ.

ಸಂಜೆ ಮನೆಯವರೆಲ್ಲ ಕೂತು ಪ್ರಾರ್ಥನೆ ಮಾಡುವುದು ನಮ್ಮಲ್ಲಿ ಮೊದಲಿನಿಂದ ಬಂದದ್ದು. ಅದಕ್ಕೂ ಸಮಯ ಸಿಗದೆ ಹೋದಾಗ ಅವಳೊಂದು ದಾರಿ ಕಂಡುಕೊಂಡಳು: ಡ್ರೈವ್ ಮಾಡುತ್ತಾ ಫೋನಿನಲ್ಲಿ ಸೇರಿಕೊಳ್ಳುವುದು. ನಾನು ಒಪ್ಪಿದೆ. ಒಪ್ಪಬಾರದಿತ್ತು.

ಅವತ್ತು ಮಂಗಳವಾರ. ಆರು ಗಂಟೆಗೆ ಫೋನು ಬಂತು.

"ಚಿಕ್ಕಮ್ಮ, ಬೇಗ ಮುಗಿಸಿ ಆಯ್ತಾ? ಆರೂಕಾಲಿಗೆ ಆಫೀಸ್ ಕಾಲ್ ಇದೆ."

"ದೇವರಿಗೂ ಟೈಮ್ ಕೊಟ್ಟಿದ್ದೀಯಲ್ಲ, ದೊಡ್ಡ ಉಪಕಾರ."

ಅವಳು ನಕ್ಕಳು. ದನಿಯಲ್ಲಿ ತ್ರಾಣವಿರಲಿಲ್ಲ. ನಾನು ಫೋನನ್ನು ಮೇಜಿನ ಮೇಲಿಟ್ಟೆ, ರಿಯಾ ಪಕ್ಕದಲ್ಲಿ ಕೂತಳು. ಮಾಮೂಲಿನಂತೆ ಶುರು ಮಾಡಿದೆ: "ಕಣ್ಣು ಮುಚ್ಚಿ ಪ್ರಾರ್ಥಿಸೋಣ."

ಕಾಯಿಲೆಯವರ ಹೆಸರು ಹೇಳಿದೆ. ವಿಕ್ರಾಂತನ ಪ್ರಯಾಣಕ್ಕಾಗಿ ಬೇಡಿಕೊಂಡೆ. ಕೊನೆಗೆ ಆಮೆನ್ ಎಂದೆ. ರಿಯಾ ಹೇಳಿದಳು. ಫೋನಿನಿಂದ ಆಮೆನ್ ಬರಲಿಲ್ಲ.

"ಅಜ್ಜಿ, ಮಾಮ್ ಈಸ್ ಆನ್ ಮ್ಯೂಟ್," ಎಂದಳು ರಿಯಾ.

ಮ್ಯೂಟ್ ಆಗಿದ್ದರೆ ಏನೂ ಕೇಳಬಾರದು. ನನಗೆ ಕಾರಿನ ಇಂಡಿಕೇಟರ್ ಕೇಳುತ್ತಿತ್ತು. ಟಿಕ್, ಟಿಕ್. ತಿರುಗಿದ ಮೇಲೆ ಅದು ನಿಲ್ಲಬೇಕು. ಹನ್ನೊಂದು ಎಣಿಸಿದೆ, ನಿಲ್ಲಲಿಲ್ಲ. ಆಮೇಲೆ ರಸ್ತೆಯಂಚಿನಲ್ಲಿ ಎಚ್ಚರಿಸಲೆಂದೇ ಕೊರೆದಿರುವ ಗೀರುಗಳ ಮೇಲೆ ಚಕ್ರ ಹರಿಯುವ ಗರ್ರೆಂಬ ಸದ್ದು. ಯಾರದೋ ಉದ್ದನೆಯ ಹಾರ್ನ್.

"ಮ್ಯಾಗೀ! ಕಣ್ಣು ಬಿಡೇ! ಕಣ್ಣು ಬಿಡು!"

"ಆಮೆನ್!" ಎಂದು ಅವಳು ಕಿರುಚಿದಳು. ಬ್ರೇಕಿನ ಸದ್ದು. ಆಮೇಲೆ ಬರೀ ಉಸಿರು. ರಿಯಾ ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಅವಳ ಉಗುರಿನ ಗುರುತು ಮರುದಿನವೂ ಇತ್ತು.

"ಎಲ್ಲಿದ್ದೀಯಾ?"

"ರಸ್ತೆ ಬದಿಗೆ ನಿಲ್ಲಿಸಿದೀನಿ. ಏನೂ ಆಗಿಲ್ಲ ಚಿಕ್ಕಮ್ಮ. ನಾನು ಬೇಕಂತ ನಿದ್ದೆ ಮಾಡ್ಲಿಲ್ಲ. ನೀವು ಕಣ್ಣು ಮುಚ್ಚಿ ಅಂದ್ರಿ... ತಾನಾಗೇ ಮುಚ್ಕೊಂತು."

ಚಿಕ್ಕವಳಿದ್ದಾಗ ಪ್ರಾರ್ಥನೆಯಲ್ಲಿ ಅವಳು ಕಣ್ಣು ಬಿಟ್ಟರೆ ತಲೆಗೆ ಮೊಟಕುತ್ತಿದ್ದವಳು ನಾನೇ.

ಅವಳು ನಿಧಾನಕ್ಕೆ ಪಕ್ಕದ ಪೆಟ್ರೋಲ್ ಬಂಕಿಗೆ ಹೋಗಿ ನಿಲ್ಲಿಸಿದಳು. ಫೋನು ಇಡಲು ನಾನು ಬಿಡಲಿಲ್ಲ. ಆರೂಕಾಲಾಯಿತು.

"ಕಾಲ್ ಇದೆ ಚಿಕ್ಕಮ್ಮ."

"ಇರಲಿ. ಎಂಜಿನ್ ಆಫ್ ಮಾಡಿದ್ಯಾ?"

"ಮಾಡ್ದೆ."

"ಈಗ ಮುಚ್ಚು ಕಣ್ಣು." ನಾನು ಪ್ರಾರ್ಥಿಸಿದೆ: "ಕರ್ತನೇ, ಲೋಕ ನಡೆಸುವವನು ನೀನು, ನಮ್ಮ ಮ್ಯಾಗಿ ಅಲ್ಲ. ಇದನ್ನು ಅವಳಿಗೂ ತಿಳಿಸು, ನನಗೂ ತಿಳಿಸು."

ಅವಳು ಅಳತೊಡಗಿದಳು. ಮಧ್ಯೆ ಎರಡು ಸಲ ಆಫೀಸಿನ ಕರೆ ಬಂತು, ತೆಗೆಯಲಿಲ್ಲ. ಇಪ್ಪತ್ತು ನಿಮಿಷ ಅಲ್ಲೇ ಕೂತು, ಕಾಫಿ ಕುಡಿದು ಹೊರಟಳು. ಬಾಗಿಲಲ್ಲಿ ಅವಳನ್ನು ಕಾಣುವವರೆಗೆ ನಾನು ಕಿಟಕಿ ಬಿಟ್ಟು ಕದಲಲಿಲ್ಲ.

ಕೂಟದ ಹಿರಿಯ ಅತುಲ್‌ಗೆ ಮರುದಿನ ಅವಳು ಫೋನು ಮಾಡಿ, ಕೂಟದ ಕೆಲಸ ಕಡಿಮೆ ಮಾಡಿ ಎಂದಾಗ ನಾನು ಪಕ್ಕದಲ್ಲೇ ಇದ್ದೆ.

"ಕರ್ತನ ಕೆಲಸಕ್ಕೇ ನಿಮ್ಮ ಹತ್ರ ಟೈಮ್ ಇಲ್ವಾ ಸಿಸ್ಟರ್?" ಎಂದರು ಅವರು.

"ಕರ್ತನಿಗೆ ಇದೆ, ಬ್ರದರ್. ಲಿಸ್ಟಿಗೆ ಇಲ್ಲ. ಹಾಡು ಕಲಿಸ್ತೀನಿ. ಉಳಿದದ್ದು ಹಂಚಿಕೊಳ್ಳಿ."

ಹಸಿರಿನಲ್ಲಿ ಆರು ಚೌಕ ಅಳಿಸಿದಳು, ನೀಲಿಯಲ್ಲಿ ವಯಲಿನ್. ರಿಯಾಗೆ ಬೇಸರವೇನೂ ಆಗಲಿಲ್ಲ. ಕೆಂಪು ಇನ್ನೂ ಹೆಚ್ಚೇ ಇದೆ. ಅದನ್ನು ನಾನು ಈಗಲೂ ಎಣಿಸುತ್ತೇನೆ.

ಈಗ ಅವಳು ಆಫೀಸಿನ ಪಾರ್ಕಿಂಗ್‌ನಿಂದ, ಹೊರಡುವ ಮೊದಲೇ ಫೋನು ಮಾಡುತ್ತಾಳೆ. ನಾನು ಮೊದಲು ಕಿವಿಗೊಟ್ಟು ಕೇಳುತ್ತೇನೆ. ಇಂಡಿಕೇಟರ್ ಇಲ್ಲ, ಗಾಳಿಯ ಸದ್ದಿಲ್ಲ. ಆದರೂ ಕೇಳುತ್ತೇನೆ:

"ಎಂಜಿನ್?"

"ಆಫ್, ಚಿಕ್ಕಮ್ಮ."

ಆಮೇಲೆಯೇ ಕಣ್ಣು ಮುಚ್ಚಲು ಹೇಳುತ್ತೇನೆ.