ಪುಸ್ತಕ ಮುಚ್ಚಿ ಬರೆದ ಉತ್ತರ

ಹೋದ ವಾರ ಅಡಿಗೆಮನೆಯ ಡ್ರಾಯರ್ ಒಪ್ಪ ಮಾಡುವಾಗ ಹಳೆಯ ಟೈಮರ್ ಸಿಕ್ಕಿತು. ಮೊಟ್ಟೆಯಾಕಾರದ್ದು, ತಿರುಗಿಸಿಟ್ಟರೆ ಹೊತ್ತಿಗೆ ಸರಿಯಾಗಿ ಟ್ರಿಣ್ ಎನ್ನುವಂಥದ್ದು. ನಲವತ್ತರ ಗೆರೆಯ ಮೇಲೆ ನಾನು ಇಟ್ಟಿದ್ದ ನೇಲ್ ಪಾಲಿಶ್ ಚುಕ್ಕೆ ಇನ್ನೂ ಅಳಿಸಿಲ್ಲ. ನಲವತ್ತು ನಿಮಿಷ ಎಂದರೆ ಒಂದು ಪೀರಿಯಡ್. ಆ ಚುಕ್ಕೆ ಕಂಡದ್ದೇ ಸಿಸ್ಟರ್ ನೆನಪಾದರು...

ಸಿಸ್ಟರ್ ಎಂದರೆ ಅಮೆರಿಕದ ಮಾರಿಸ್‌ವಿಲ್‌ನಲ್ಲಿ ನಮ್ಮ ಪಕ್ಕದ ಟೌನ್‌ಹೌಸಿನಲ್ಲಿದ್ದವರು. ಮಂಗಳೂರು ಕಡೆಯ ಕ್ಯಾಥೊಲಿಕರು, ಡರ್ಹಮ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಮೈಸೂರಿನಲ್ಲಿ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಹೇಳಿ, ನಿವೃತ್ತಳಾಗಿ ಮಗಳ ಮನೆ ಸೇರಿದ್ದವಳು. ನಾನು ಅವರಿಗೆ ಟೀಚರ್, ಅವರು ನನಗೆ ಸಿಸ್ಟರ್. ಇಬ್ಬರೂ ನಸುಕಿಗೇ ಎದ್ದು ಹಾಸಿಗೆಯ ಸುಕ್ಕು ತೆಗೆದು ಮಡಿಸುವವರು. ಸ್ನೇಹಕ್ಕೆ ಅಷ್ಟು ಸಾಕಾಯಿತು.

ಎರಡು ಸಾವಿರದ ಆರನೆಯ ಇಸವಿ ಇರಬೇಕು. ಒಂದು ಬೆಳಿಗ್ಗೆ ಅವರು ಕಾಗದವೊಂದನ್ನು ಹಿಡಿದು ಬಂದರು. ವಾರ್ಡಿನ ಉಸ್ತುವಾರಿಯನ್ನು ನಾಲ್ಕು ವರ್ಷದಿಂದ ಅವರೇ ನೋಡಿಕೊಳ್ಳುತ್ತಿದ್ದರು. ಆದರೆ ಹುದ್ದೆ ಕೊಡಬೇಕಾದರೆ ನರ್ಸಿಂಗಿನಲ್ಲಿ ಬ್ಯಾಚುಲರ್ ಡಿಗ್ರಿ ಇರಲೇಬೇಕು, ಇಲ್ಲವಾದರೆ ಬೇರೆಯವರು ಬರುತ್ತಾರೆ ಎಂದು ಕಾಗದದಲ್ಲಿತ್ತು. ಅವರ ಬಳಿ ಇದ್ದದ್ದು ಊರಿನ ಡಿಪ್ಲೊಮಾ.

"ಐವತ್ತೆರಡು ವರ್ಷಕ್ಕೆ ಕಾಲೇಜು, ಎಂತ ಅವಸ್ಥೆ ಮಾರಾಯ್ರೆ! ಕೆಲಸ ಬಿಡ್ಲಿಕ್ಕೆ ಆಗುದಿಲ್ಲ. ಆನ್‌ಲೈನ್ ಕೋರ್ಸ್ ಉಂಟಂತೆ, ಸೇರಿಯೇ ಬಿಟ್ಟೆ."

"ಟೈಮ್‌ಟೇಬಲ್ ಎಲ್ಲಿ?" ಎಂದೆ.

"ಹಾಗೆಂತದೂ ಇಲ್ಲ ಟೀಚರ್. ಪುರ್ಸೊತ್ತು ಇದ್ದಾಗ ಓದುದಂತೆ."

ಟೈಮ್‌ಟೇಬಲ್ ಇಲ್ಲದ ಕಾಲೇಜು! ಅಂದೇ ಮಗಳ ಕಾರು ಹತ್ತಿ ಹೋಗಿ ಈ ಟೈಮರ್ ತಂದೆ.

ವಾರಕ್ಕೆ ಮೂರು ದಿನ ಅವರಿಗೆ ಹನ್ನೆರಡು ಗಂಟೆಯ ಡ್ಯೂಟಿ. ಉಳಿದ ದಿನ ಹತ್ತು ಗಂಟೆಗೆ ಸರಿಯಾಗಿ ನಮ್ಮ ಊಟದ ಮೇಜಿನಲ್ಲಿ ತರಗತಿ. ಎರಡು ಪೀರಿಯಡ್, ಕಾಫಿ, ಮತ್ತೆರಡು ಪೀರಿಯಡ್. ನಡುವೆ ಎದ್ದರೆ ನನ್ನ ಅನುಮತಿ ಕೇಳಬೇಕು. ಪಾಪ, ಕೇಳುತ್ತಿದ್ದರು.

ಆ ಕೋರ್ಸಿನಲ್ಲಿ ಸಹಪಾಠಿಗಳು ಬರೆದದ್ದಕ್ಕೆ ವಾರವಾರವೂ ಉತ್ತರ ಬರೆಯಬೇಕಿತ್ತು. ಯಾರೋ ಒಬ್ಬಳು ಡ್ಯೂಟಿ ಮಾಡಿ ಬೆನ್ನುನೋವು ಎಂದು ಬರೆದಿದ್ದಳು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ತಿಕ್ಕು ಎಂದು ಸಿಸ್ಟರ್ ಬರೆದರು. ಆಧಾರ ಕೊಟ್ಟಿಲ್ಲವೆಂದು ಅಂಕ ಹೋಯಿತು. ಮರುವಾರ ಉತ್ತರದ ಕೆಳಗೆ ಶಿಸ್ತಾಗಿ, "ಆಧಾರ: ನನ್ನ ಅಮ್ಮ" ಎಂದು ಸೇರಿಸಿದರು. ಅದಕ್ಕೂ ಅಂಕ ಬರಲಿಲ್ಲ.

ಮುಂದೆ ಮೊದಲ ದೊಡ್ಡ ಪ್ರಬಂಧ ಬಂತು. ಆಪರೇಷನ್ ಆದ ಮುದುಕರ ನೋವನ್ನು ನರ್ಸ್ ಹೇಗೆ ಗುರುತಿಸಬೇಕು ಎಂಬ ವಿಷಯ. ಇದರ ಜವಾಬ್ದಾರಿಯನ್ನು ಪೂರ್ತಿ ನಾನೇ ಹೊತ್ತೆ. ನನಗೆ ಗೊತ್ತಿದ್ದದ್ದು ಒಂದೇ ದಾರಿ: ಪಾಠ ಬಾಯಿಪಾಠ ಮಾಡು, ಪುಸ್ತಕ ಮುಚ್ಚು, ಬರೆ. ಸಿಸ್ಟರ್ ಕೂಡ ಊರಿನಲ್ಲಿ ಹಾಗೇ ಪಾಸಾದವರು. ಎರಡು ವಾರ ಮನೆಯ ಹಿಂದಿನ ಕೊಳದ ಸುತ್ತ ನಡೆಯುತ್ತ ಉರು ಹೊಡೆದರು. ಬರೆಯುವ ದಿನ ಅನುಮಾನಕ್ಕೆ ಎಡೆಯಿರಬಾರದೆಂದು ನಾನು ಪುಸ್ತಕದ ಮೇಲೇ ಕೂತೆ. ಅವರು ಒಂದೇ ಸಮನೆ ಟೈಪ್ ಮಾಡಿದರು.

ನಾಲ್ಕನೆಯ ದಿನ ಅಳುತ್ತ ಬಂದರು. ಕಾಲೇಜಿನವರು ಪ್ರಬಂಧವನ್ನು ಕದ್ದ ಸಾಲು ಹಿಡಿಯುವ ಯಾವುದೋ ಸಾಫ್ಟ್‌ವೇರಿಗೆ ಹಾಕಿ ನೋಡಿದ್ದರಂತೆ. ಪುಟದ ತುಂಬ ಕೆಂಪು, ಅವರ ಹೆಸರೊಂದನ್ನು ಬಿಟ್ಟು. ಕದ್ದು ಬರೆದದ್ದು ನಿಜವಾದರೆ ಕೋರ್ಸಿನಿಂದಲೇ ಹೊರಗೆ.

ನಾನು ಪುಸ್ತಕದೊಂದಿಗೆ ಹೋಲಿಸಿ ನೋಡಿದೆ. "ಭೇಷ್! ಒಂದು ಕಾಮಾನೂ ಬಿಟ್ಟಿಲ್ಲವಲ್ರೀ!"

"ಅಮ್ಮ, ಇಲ್ಲಿ ಅದನ್ನ ಚೀಟಿಂಗ್ ಅಂತಾರೆ," ಎಂದಳು ಮಗಳು.

"ಚೀಟಿಂಗಾ? ಪುಸ್ತಕದ ಮೇಲೆ ನಾನೇ ಕೂತಿದ್ದೆ ಕಣೇ!"

ಬುಧವಾರ ಕೋರ್ಸಿನ ಪ್ರೊಫೆಸರಮ್ಮನ ಫೋನ್ ಬಂತು. ಸ್ಪೀಕರ್ ಹಾಕಿ ಇಬ್ಬರೂ ಕೂತೆವು. ಕಾಪಿ ಮಾಡಿಲ್ಲ ಎಂದು ಸಿಸ್ಟರ್ ಎರಡೆರಡು ಸಲ ಹೇಳಿದರು. ನನ್ನಿಂದ ತಡೆಯಲಾಗಲಿಲ್ಲ, ಬೇಕಾದರೆ ಯಾವ ಪುಟವನ್ನಾದರೂ ಕೇಳಿ ನೋಡಿ ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಸಿಸ್ಟರ್ ಕಣ್ಣು ಮುಚ್ಚಿ ಶುರು ಮಾಡಿಯೇ ಬಿಟ್ಟರು. ಒಂದು ಪುಟ, ಎರಡು ಪುಟ... ಮೂರನೆಯದರಲ್ಲಿ ತಡವರಿಸಿದಾಗ ನಾನು ಮುಂದಿನ ಪದ ಎತ್ತಿಕೊಟ್ಟೆ.

ಆ ಕಡೆಯಿಂದ, ಅಲ್ಲಿ ಇನ್ನೊಬ್ಬರು ಯಾರು ಎಂಬ ಪ್ರಶ್ನೆ ಬಂತು. ಟೀಚರ್ ಎಂದು ಸಿಸ್ಟರ್ ಹೇಳಿದರು. ಕಲಿಸಿದವಳು ನಾನು, ತಪ್ಪೂ ನನ್ನದೇ ಎಂದೆ. ಮೂವತ್ತೆರಡು ವರ್ಷದಲ್ಲಿ ಆಡದ ಮಾತು.

ಪ್ರೊಫೆಸರಮ್ಮ ನಗಲಿಲ್ಲ. "ಇದು ಪುಸ್ತಕ ಹೇಳಿದ್ದಾಯಿತು. ರೋಗಿ ನೋವಿಲ್ಲ ಅಂದರೆ ನೀವು ಏನು ಮಾಡುತ್ತೀರಿ?" ಎಂದು ಕೇಳಿದರು.

ಸಿಸ್ಟರ್ ನನ್ನ ಮುಖ ನೋಡಿದರು. ನಾನು ಪುಸ್ತಕ ತಿರುವಿದೆ. ಅದರಲ್ಲಿ ಇರಲಿಲ್ಲ. ಆಗ ಅವರು ನಿಧಾನವಾಗಿ, ತಮ್ಮದೇ ಇಂಗ್ಲಿಷಿನಲ್ಲಿ ಹೇಳತೊಡಗಿದರು. ಮುದುಕರು ಯಾವಾಗಲೂ ಚೆನ್ನಾಗಿದ್ದೇನೆ ಎನ್ನುತ್ತಾರೆ, ನಾನು ಮುಖ ನೋಡುವುದಿಲ್ಲ, ಹೊದಿಕೆ ಎತ್ತಿ ಕಾಲ್ಬೆರಳು ನೋಡುತ್ತೇನೆ, ಮುದುಡಿಕೊಂಡಿದ್ದರೆ ನೋವಿದೆ... ಇಪ್ಪತ್ತು ನಿಮಿಷ ಮಾತಾಡಿದರು.

ಅದನ್ನೇ ಬರೆಯಿರಿ, ಒಂದು ವಾರ ಸಮಯ ಕೊಡುತ್ತೇನೆ ಎಂದು ಪ್ರೊಫೆಸರಮ್ಮ ಫೋನಿಟ್ಟರು.

"ಟೀಚರ್, ಬೇಜಾರು ಮಾಡ್ಬೇಡಿ. ಈ ಸಲ ನೀವು ಬೆಲ್ ಮಾತ್ರ ಹೊಡೀರಿ ಆಯ್ತಾ?" ಎಂದರು ಸಿಸ್ಟರ್. ಹಾಗೇ ಮಾಡಿದೆ. ಅವರು ಬರೆಯುತ್ತಿದ್ದರೆ ನಾನು ಎದುರಿಗೆ ಕೂತು ಅವರೆಕಾಳು ಹಿಚುಕುತ್ತಿದ್ದೆ. ಪ್ರಬಂಧ ಪಾಸಾಯಿತು. ಎರಡು ಸಾವಿರದ ಎಂಟರಲ್ಲಿ ಪದವಿಯೂ ಬಂತು, ಹುದ್ದೆಯೂ ಬಂತು. ಕಪ್ಪು ಗೌನು ತೊಟ್ಟು ಪಾರ್ಕಿಂಗ್ ಲಾಟಿನಲ್ಲಿ ನಿಂತು ಫೋಟೊ ತೆಗೆಸಿಕೊಂಡಾಗ ಅವರ ಕೈಯಲ್ಲಿ ಈ ಟೈಮರೂ ಇತ್ತು.

ಮರುವರ್ಷ ಅವರ ವಾರ್ಡಿನಲ್ಲೇ ನನ್ನ ಮಂಡಿಯ ಆಪರೇಷನ್ ಆಯಿತು. ಹೇಗಿದ್ದೀರಿ ಎಂದು ಬಂದವರೆಲ್ಲ ಕೇಳಿದರು. ಎಲ್ಲರಿಗೂ ಚೆನ್ನಾಗಿದ್ದೇನೆ ಎಂದೆ. ಸಿಸ್ಟರ್ ಏನೂ ಕೇಳದೆ ಹೊದಿಕೆಯ ತುದಿ ಎತ್ತಿದರು.

"ಸುಳ್ಳು ಹೇಳ್ಬೇಡಿ ಟೀಚರ್," ಎಂದು ಮಾತ್ರೆ ತರಲು ಹೋದರು.

ಅವರು ತೀರಿಕೊಂಡು ಮೂರು ವರ್ಷವಾಯಿತು. ಟೈಮರನ್ನು ಒರೆಸಿ, ಚುಕ್ಕೆಗೆ ತಿರುಗಿಸಿ ಮೇಜಿನ ಮೇಲಿಟ್ಟೆ. ಅದು ಬಡಿಯುವವರೆಗೂ ಕೂತೇ ಇದ್ದೆ... ಮಗಳು ಬಂದು, "ಅಮ್ಮ, ಆರ್ ಯು ಓಕೆ?" ಎಂದಳು.

ಚೆನ್ನಾಗಿದ್ದೀನಿ ಎಂದೆ. ಅವಳು ನಂಬಿ ಹೊರಟುಹೋದಳು.