ಗಡಿ ತೆರೆದ ಸಿಹಿ

ಮೈಸೂರುಪಾಕಿನ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡ ಪಕ್ಕದ ಫ್ಲಾಟಿನ ತನಾಕಾ ಸಾನ್, ಏನು ವಿಶೇಷ ಎಂದು ಕೇಳಿದರು. ಕೊರೊನಾಕ್ಕೆ ಮುಚ್ಚಿದ್ದ ಜಪಾನ್ ಗಡಿ ತೆರೆಯುತ್ತಿದೆ, ಮೈಸೂರಿನಲ್ಲಿ ಸಿಕ್ಕಿಹಾಕಿಕೊಂಡಿದ್ದ ನಮ್ಮ ಯಜಮಾನರು ಕೊನೆಗೂ ಟೋಕಿಯೋಗೆ, ನಮ್ಮ ಓಜಿಮಾಕ್ಕೆ ಬರುತ್ತಾರೆ ಎಂದೆ. ಅವರು ತಲೆಬಾಗಿ ಅಭಿನಂದಿಸಿದರು.

ಅವರ ಹಿಂದೆ ನಿಂತಿದ್ದ ಅವರ ಮಗ ಕೆಂತಾ ಐಸ್ ಹಾಕಿ ಆಟಗಾರ. ಎತ್ತರ ಸಾಲದೆಂದು ಯಾವ ತಂಡವೂ ಅವನನ್ನು ಆರಿಸಿರಲಿಲ್ಲ. ಕೊರೊನಾದಿಂದ ವಿದೇಶಿ ಆಟಗಾರರು ಬರಲಾಗದಿದ್ದಾಗ ಒಂದು ವೃತ್ತಿಪರ ತಂಡ ಕರೆದು ಕಾಂಟ್ರಾಕ್ಟ್ ಕೊಟ್ಟಿತ್ತು. ತಂಡಕ್ಕೆ ಹೆಚ್ಚು ಗೋಲು ಹೊಡೆದವನೂ ಅವನೇ. ಮುಂದಿನ ಮ್ಯಾಚ್ ಯಾವಾಗ ಎಂದು ಕೇಳಿದೆ.

"ನಮ್ಮ ಟೀಮಿಗೂ ಹೊರಗಿನವರು ಬರ್ತಿದ್ದಾರೆ," ಎಂದ ಮೆಲ್ಲಗೆ. "ಇನ್ನು ನಾನು ಬೇಡವಂತೆ. ನಿನ್ನೆ ಹೇಳಿದ್ರು."

ಕೊಟ್ಟ ಸಿಹಿಯನ್ನು ವಾಪಸ್ ಕೇಳುವುದು ಹೇಗೆ? ಸುಮಿಮಾಸೆನ್, ಕ್ಷಮಿಸಿ ಎಂದು ಒಳಗೆ ಬಂದೆ. ಮಾರನೆಯ ದಿನ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ತೂಗುತ್ತಿತ್ತು. ಸಿಹಿ ಕೊಟ್ಟವರಿಗೆ ಮರಳಿ ಏನಾದರೂ ಕೊಡುವುದು ಇಲ್ಲಿನ ಪದ್ಧತಿ. ಚಂದವಾಗಿ ಸುತ್ತಿದ ಅಕ್ಕಿ ಬಿಸ್ಕತ್ತು.

ಯಜಮಾನರು ಬಂದ ದಿನ ಅದನ್ನೇ ಕಾಫಿ ಜೊತೆ ತಿಂದು ಚೆನ್ನಾಗಿದೆ ಎಂದರು. ನಾನು ನನ್ನ ಪಾಲಿನದನ್ನು ಮತ್ತೆ ಸುತ್ತಿಟ್ಟೆ. ಗಡಿ ಮುಚ್ಚಿದ್ದಷ್ಟು ದಿನ ಮಾತ್ರ ಆ ಹುಡುಗನ ಎತ್ತರ ತಂಡಕ್ಕೆ ಸಾಕಾಗಿತ್ತು.